ಯಾವುದರ ಪಕ್ಕದಲ್ಲಿ ಯಾವುದು? ಸಹಕಾರ ಸಂಘದ ಗೋದಾಮಿನ ಬಗ್ಗೆ ಓದುಗರ ಪ್ರಶ್ನೆಗಳು

ಮುಂಗಾರಿನ ಗೊಬ್ಬರವೂ ಬೆಳೆಗೆ ಹೊಡೆಯುವ ಔಷಧಿಯೂ ಸಂಘಗಳ ಗೋದಾಮು ಸೇರುವ ಹೊತ್ತು ಇದಾದ್ದರಿಂದ, ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ದಾಸ್ತಾನಿನ ಸುರಕ್ಷತೆಯನ್ನೇ ಕುರಿತಿವೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಏಳು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ತಮ್ಮ ಸಂಘದ ಹೆಸರು ಬರಬಾರದೆಂದು ಹಲವರು ಕೇಳಿಕೊಂಡಿರುವುದರಿಂದ ತಾಲ್ಲೂಕನ್ನು ಮಾತ್ರ ನಮೂದಿಸಿದೆ.

ಪ್ರಶ್ನೆ: ನಮ್ಮ ಸಂಘಕ್ಕೆ ಇರುವುದು ಒಂದೇ ಗೋದಾಮು. ಯೂರಿಯಾ, ಡಿಎಪಿ, ಪೊಟ್ಯಾಷ್, ಆಲೂಗಡ್ಡೆ ಬೆಳೆಗಾರರಿಗೆ ಬೇಕಾದ ಶಿಲೀಂಧ್ರನಾಶಕಗಳು, ಕಳೆನಾಶಕ, ಜೋಳ ಮತ್ತು ರಾಗಿಯ ಬಿತ್ತನೆ ಬೀಜ, ಬಾಡಿಗೆ ಟ್ರ್ಯಾಕ್ಟರಿಗೆಂದು ಇಟ್ಟ ಮೂರು ಡ್ರಮ್ ಡೀಸೆಲ್, ಎಲ್ಲವೂ ಅಲ್ಲೇ ಇವೆ. ಈಗ ಹಿಂಡಿ, ಬೂಸಾ ಕೂಡ ಅಲ್ಲಿಯೇ ಇಡೋಣವೆಂದು ಆಡಳಿತ ಮಂಡಳಿಯವರು ಹೇಳುತ್ತಿದ್ದಾರೆ. ಹೊಸ ಕಟ್ಟಡಕ್ಕೆ ಹಣವಿಲ್ಲ. ಏನು ಮಾಡಬೇಕು?
– ಸಂಘದ ಕಾರ್ಯದರ್ಶಿ, ಅರಕಲಗೂಡು ತಾಲ್ಲೂಕು

ಉತ್ತರ: ಹಿಂಡಿ, ಬೂಸಾವನ್ನು ಅಲ್ಲಿ ಇಡಕೂಡದು. ಇದು ನನ್ನ ಅಭಿಪ್ರಾಯದ ಮಾತಲ್ಲ. 1971ರ ಕೀಟನಾಶಕ ನಿಯಮಾವಳಿಯ ಪ್ರಕಾರ, ಆಹಾರ ಪದಾರ್ಥಕ್ಕಾಗಲೀ ಪಶು ಆಹಾರಕ್ಕಾಗಲೀ ನೇರವಾಗಿ ತಾಗುವಂತೆ ಕೀಟನಾಶಕವನ್ನು ಸಂಗ್ರಹಿಸುವಂತಿಲ್ಲ ಮತ್ತು ಸಾಗಿಸುವಂತಿಲ್ಲ. ಕೀಟನಾಶಕದ ಪೊಟ್ಟಣ, ಬಾಟಲಿಗಳನ್ನು ಬೇರೆ ಸರಕಿನ ಕೋಣೆಯಿಂದ ದೂರವಾದ ಪ್ರತ್ಯೇಕ ಕೋಣೆಯಲ್ಲಿ, ಇಲ್ಲವೇ ಬೀಗ ಹಾಕಿದ ಪ್ರತ್ಯೇಕ ಕಪಾಟಿನಲ್ಲಿ ಇಡಬೇಕೆಂದೂ, ಆ ಕೋಣೆ ಗಟ್ಟಿಮುಟ್ಟಾಗಿ, ಒಣಗಿ, ಗಾಳಿ ಬೆಳಕು ಆಡುವಂತೆ ಇರಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ. ಆದ್ದರಿಂದ ಈಗಿನ ವ್ಯವಸ್ಥೆಯೇ ನಿಯಮಕ್ಕೆ ಹೊರತಾಗಿದೆ ಎಂಬುದನ್ನು ಮಂಡಳಿಯ ಮುಂದಿನ ಸಭೆಯ ನಡಾವಳಿಯಲ್ಲಿ ಬರೆಸಿರಿ. ಬರೆದ ಮೇಲೆ ಅದು ನಿಮ್ಮೊಬ್ಬರ ತಲೆನೋವಾಗಿ ಉಳಿಯುವುದಿಲ್ಲ.

ನಾನು ಅನೇಕ ವರ್ಷ ಸಂಘಗಳ ದಾಸ್ತಾನು ಪರಿಶೀಲನೆಗೆ ಓಡಾಡಿದವನು. ಗೋದಾಮಿನಲ್ಲಿ ಏನೇನಿದೆ ಎಂದು ಕೇಳಿದರೆ ಎಲ್ಲರೂ ದಾಸ್ತಾನು ಪುಸ್ತಕ ತೆಗೆದು ಸರಿಯಾಗಿಯೇ ಹೇಳುತ್ತಾರೆ. ಯಾವುದರ ಪಕ್ಕದಲ್ಲಿ ಯಾವುದಿದೆ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ, ಏಕೆಂದರೆ ಪುಸ್ತಕದಲ್ಲಿ ಅದಕ್ಕೊಂದು ಕಲಮು ಇರುವುದಿಲ್ಲ. ನಾನು ಕಂಡ ಅವಘಡಗಳಲ್ಲಿ ಹೆಚ್ಚಿನವು ಈ ಪಕ್ಕದ ಸಂಬಂಧದಿಂದಲೇ ಆದವು.

ಒಂದನ್ನು ಹೇಳುತ್ತೇನೆ. ಸಕಲೇಶಪುರದ ಕಡೆಯ ಒಂದು ಸಂಘದಲ್ಲಿ ಜುಲೈ ತಿಂಗಳ ಮಳೆಗೆ ಹೆಂಚು ಸರಿದು, ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಇಟ್ಟಿದ್ದ ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲಗಳ ಮೇಲೆ ಹನಿ ಬೀಳುತ್ತಿತ್ತು. ನೀಲಿ ನೀರು ನೆಲದ ಇಳಿಜಾರಿನಲ್ಲಿ ಹರಿದು ಡೀಸೆಲ್ ಡ್ರಮ್ಮಿನ ಅಡಿಗೆ ಸೇರಿತ್ತು. ಡ್ರಮ್ಮನ್ನು ವಾಲಿಸಿ ನೋಡಿದಾಗ ತಳದ ಅಂಚಿನ ಸುತ್ತ ಹೊಸ ತಾಮ್ರದ ಕೊಡದಂಥ ಕೆಂಪು ಬಣ್ಣ ಹತ್ತಿತ್ತು. ಮೈಲುತುತ್ತದ ನೀರು ಕಬ್ಬಿಣವನ್ನು ಕರಗಿಸಿ, ಆ ಜಾಗದಲ್ಲಿ ತಾಮ್ರವನ್ನು ಕೂರಿಸುತ್ತದೆ. ಬೆರಳಿಟ್ಟರೆ ಬೆಸುಗೆಯ ಗೀಟಿನಲ್ಲಿ ಡೀಸೆಲ್ ಒಸರುತ್ತಿತ್ತು. ಮೈಲುತುತ್ತದ ಚೀಲದಲ್ಲೂ ತಪ್ಪಿರಲಿಲ್ಲ, ಡ್ರಮ್ಮೂ ಆ ವರ್ಷ ತಂದದ್ದೇ ಆಗಿತ್ತು. ಇನ್ನೆರಡು ವಾರ ಯಾರೂ ನೋಡದೆ ಹೋಗಿದ್ದರೆ 200 ಲೀಟರ್ ಡೀಸೆಲ್ ಗೊಬ್ಬರದ ಅಟ್ಟಿಯ ಕೆಳಗೆ ಹರಡಿರುತ್ತಿತ್ತು.

ಹಣವಿಲ್ಲವೆಂದು ಬರೆದಿದ್ದೀರಿ. ಮೊದಲ ಕೆಲಸಕ್ಕೆ ಹೆಚ್ಚು ಹಣ ಬೇಡ: ಡೀಸೆಲ್ಲನ್ನು ಇಂದೇ ಹೊರಗೆ ತನ್ನಿ. ಗೋದಾಮಿನ ಗೋಡೆಗೆ ಅಂಟದಂತೆ, ಬಾಗಿಲು ಕಿಟಕಿಗಳಿಂದ ದೂರದಲ್ಲಿ, ತಗಡಿನ ಮಾಡು ಹಾಕಿ, ಸುತ್ತ ಸರಳಿನ ಜಾಲರಿ ಕಟ್ಟಿ ಬೀಗ ಹಾಕಿದರೆ ಸಾಕು. ಡ್ರಮ್ಮುಗಳ ಸುತ್ತ ಸಿಮೆಂಟಿನ ಕಟ್ಟೆ ಇರಬೇಕು. ಅತಿ ದೊಡ್ಡ ಡ್ರಮ್ಮು ಪೂರ್ತಿ ಸೋರಿದರೂ ಅದರ ಮೇಲೆ ಶೇಕಡಾ 10ರಷ್ಟು ಹೆಚ್ಚು ಹಿಡಿಯುವಂತೆ ಕಟ್ಟೆಯ ಅಳತೆ ಇರಬೇಕೆಂಬುದು ರೂಢಿಯಲ್ಲಿರುವ ಲೆಕ್ಕ. ಮೂರು ಡ್ರಮ್ಮಿಗೆ ಒಳಅಳತೆಯಲ್ಲಿ 7 ಅಡಿ ಉದ್ದ, 4 ಅಡಿ ಅಗಲ, ಅರ್ಧ ಅಡಿ ಎತ್ತರದ ಕಟ್ಟೆ ಕಟ್ಟಿದರೆ ಸುಮಾರು 396 ಲೀಟರ್ ಹಿಡಿಯುತ್ತದೆ. ಡ್ರಮ್ಮುಗಳು ಆಕ್ರಮಿಸುವ ಜಾಗ ಕಳೆದರೂ 220 ಲೀಟರಿಗೆ ಕೊರತೆಯಾಗದು. ಮಾಡು ಮಾತ್ರ ಕಟ್ಟೆಗಿಂತ ಅಗಲವಾಗಿರಲಿ. ನಮ್ಮ ಕಡೆಯ ಇರಚಲು ಮಳೆಗೆ ಕಟ್ಟೆ ನೀರಿನಿಂದ ತುಂಬಿ ನಿಂತರೆ, ಸೋರಿದ ಡೀಸೆಲ್ ಆ ನೀರಿನ ಮೇಲೆ ತೇಲಿ ಆಚೆ ಹರಿಯುತ್ತದೆ. ಅಂಥ ಕಟ್ಟೆ ಇದ್ದೂ ಇಲ್ಲದಂತೆ. ಪರವಾನಗಿಯ ವಿಷಯ ಕೇಳುವುದಾದರೆ, 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಡೀಸೆಲ್ ‘ಬಿ’ ವರ್ಗಕ್ಕೆ ಸೇರಿದ್ದು, ಒಂದು ಸ್ಥಳದಲ್ಲಿ ಒಟ್ಟು 2,500 ಲೀಟರ್ ಮೀರದಿದ್ದರೆ ಮತ್ತು ಯಾವ ಒಂದು ಪಾತ್ರೆಯೂ 1,000 ಲೀಟರ್ ಮೀರದಿದ್ದರೆ ಸಂಗ್ರಹಕ್ಕೆ ಪರವಾನಗಿ ಬೇಕಿಲ್ಲ. ನಿಮ್ಮ ಮೂರು ಡ್ರಮ್ ಆ ಮಿತಿಯೊಳಗಿವೆ. ಇದು ಸ್ವಂತ ಟ್ರ್ಯಾಕ್ಟರಿಗೆ ಇಟ್ಟುಕೊಳ್ಳುವ ಮಾತು. ಸದಸ್ಯರಿಗೆ ಅಳೆದು ಮಾರುವುದಕ್ಕೆ ಅದು ಅನುಮತಿಯಾಗುವುದಿಲ್ಲ.

ಎರಡನೆಯದು, ಔಷಧಿಗೆ ಕೋಣೆ. ಗೋದಾಮಿನ ಒಂದು ಮೂಲೆಯನ್ನು ಇಟ್ಟಿಗೆ ಗೋಡೆಯಿಂದ ಸೂರಿನವರೆಗೆ ಬೇರ್ಪಡಿಸಿ, ಹೊರಗಡೆಯಿಂದಲೇ ಬಾಗಿಲು ಇಡಿಸಿರಿ. ಗೋಡೆ ಅರ್ಧಕ್ಕೆ ನಿಂತರೆ ವಾಸನೆಯೂ ನಿಲ್ಲುವುದಿಲ್ಲ, ಬೆಂಕಿಯೂ ನಿಲ್ಲುವುದಿಲ್ಲ. ಹೊಸ್ತಿಲನ್ನು ಮೂರು ಬೆರಳು ಎತ್ತರಿಸಿ. ಹಲಗೆಗಳಲ್ಲಿ ಪುಡಿ ಮೇಲೆ, ದ್ರವ ಕೆಳಗೆ ಇರಲಿ, ಬಾಟಲಿ ಸೋರಿದರೆ ಕೆಳಗಿನ ಪುಡಿ ಹಾಳಾಗಬಾರದು. ‘ಇ.ಸಿ.’ ಎಂದು ಬರೆದಿರುವ ದ್ರವ ಔಷಧಿಗಳಲ್ಲಿ ಹೆಚ್ಚಿನವು ಪೆಟ್ರೋಲಿಯಂ ದ್ರಾವಕದಲ್ಲಿ ಕರಗಿಸಿದವು, ಬೇಗ ಬೆಂಕಿ ಹತ್ತುವಂಥವು. ಅವುಗಳ ಹತ್ತಿರ ವಿದ್ಯುತ್ ಪ್ಲಗ್ ಇರಬಾರದು. ಈಚೆಗೆ ಬ್ಯಾಟರಿ ಸಿಂಪರಣಾ ಯಂತ್ರಗಳನ್ನು ಔಷಧಿ ಕೋಣೆಯಲ್ಲಿಯೇ ರಾತ್ರಿಯಿಡೀ ಚಾರ್ಜಿಗೆ ಹಾಕಿ ಬೀಗ ಜಡಿದು ಹೋಗುವುದನ್ನು ಹಲವೆಡೆ ನೋಡಿದ್ದೇನೆ. ದಯವಿಟ್ಟು ಅದನ್ನು ನಿಲ್ಲಿಸಿ. ಸ್ವಿಚ್ಚು ಕೂಡ ಬಾಗಿಲ ಹೊರಗಿರಲಿ.

ಬಿತ್ತನೆ ಬೀಜವನ್ನು ಕಳೆನಾಶಕದಿಂದ ದೂರವಿಡುವ ವಿಷಯವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. 2,4-ಡಿ ಕಳೆನಾಶಕದ ಎಸ್ಟರ್ ರೂಪ ಆವಿಯಾಗುವ ಸ್ವಭಾವದ್ದು. ಆ ಆವಿ ಬೀಜಕ್ಕೆ ತಾಗಿದರೆ ಮೊಳಕೆ ಕೆಡಬಹುದು. ರೈತ ಮಳೆಯನ್ನೋ ಬೀಜದ ಕಂಪನಿಯನ್ನೋ ದೂರುತ್ತಾನೆ. ತಪ್ಪು ನಡೆದದ್ದು ನಮ್ಮ ಗೋದಾಮಿನಲ್ಲಿ ಎಂದು ಯಾರಿಗೂ ತಿಳಿಯುವುದೇ ಇಲ್ಲ.

ಪ್ರಶ್ನೆ: 2020ರಲ್ಲಿ ಬೈರೂತ್ ಬಂದರಿನಲ್ಲಿ ಗೊಬ್ಬರ ಸಿಡಿದ ದೃಶ್ಯವನ್ನು ನೋಡಿದ ನಮ್ಮೂರಿನ ಕೆಲವರು, ಶಾಲೆಯ ಪಕ್ಕದಲ್ಲಿರುವ ಸಂಘದ ಗೋದಾಮಿನಿಂದ ಯೂರಿಯಾ ತೆರವು ಮಾಡಬೇಕೆಂದು ಅರ್ಜಿ ಕೊಟ್ಟಿದ್ದಾರೆ. ಯೂರಿಯಾ ಸಿಡಿಯುತ್ತದೆಯೇ?
– ಆಡಳಿತ ಮಂಡಳಿ ಸದಸ್ಯರು, ಮೂಡಿಗೆರೆ ತಾಲ್ಲೂಕು

ಉತ್ತರ: ಬೈರೂತಿನಲ್ಲಿ 2020ರ ಆಗಸ್ಟ್ 4ರಂದು ಸಿಡಿದದ್ದು 2,750 ಟನ್ ಅಮೋನಿಯಂ ನೈಟ್ರೇಟ್. 200ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಯೂರಿಯಾಕ್ಕೂ ವ್ಯತ್ಯಾಸವಿದೆ. ಯೂರಿಯಾ ತಾನಾಗಿ ಸಿಡಿಯುವ ವಸ್ತುವಲ್ಲ. ಬೆಂಕಿಗೆ ಸಿಕ್ಕಿದರೆ ಕರಗಿ, ಅಮೋನಿಯಾ ಮೊದಲಾದ ಕೆಟ್ಟ ಅನಿಲಗಳನ್ನು ಬಿಡುತ್ತದೆ, ಆ ಹೊಗೆ ಅಪಾಯಕಾರಿ. ನಮ್ಮ ದೇಶದಲ್ಲಿ ಶುದ್ಧ ಅಮೋನಿಯಂ ನೈಟ್ರೇಟನ್ನು 2011ರಲ್ಲಿ ಸ್ಫೋಟಕವೆಂದು ಘೋಷಿಸಿ, 2012ರಲ್ಲಿ ಅದಕ್ಕೆಂದೇ ಪ್ರತ್ಯೇಕ ನಿಯಮಗಳನ್ನು ತಂದಿದ್ದಾರೆ. ಸಹಕಾರ ಸಂಘಗಳಲ್ಲಿ ರೈತರಿಗೆ ಮಾರುವ ಸರಕು ಅದಲ್ಲ. ಅರ್ಜಿದಾರರಿಗೆ ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಅವರ ಆತಂಕವನ್ನು ತಳ್ಳಿಹಾಕುವುದು ಮಾತ್ರ ಬೇಡ. ಬೈರೂತಿಗಿಂತ ನಮಗೆ ಹತ್ತಿರದ ಪಾಠ ಅಮೆರಿಕದ ಟೆಕ್ಸಾಸ್ ರಾಜ್ಯದ ವೆಸ್ಟ್ ಎಂಬ ಸಣ್ಣ ಊರಿನದು. 2013ರ ಏಪ್ರಿಲ್ 17ರಂದು ಅಲ್ಲಿ ರೈತರಿಗೆ ಗೊಬ್ಬರ, ಬೀಜ ಮಾರುವ ಮಳಿಗೆಗೆ ಬೆಂಕಿ ಹತ್ತಿತು. ನೈಟ್ರೇಟ್ ಗೊಬ್ಬರವನ್ನು ಮರದ ಕಟ್ಟಡದಲ್ಲಿ, ಮರದ ಗೂಡುಗಳಲ್ಲಿ ಸುರಿದಿಟ್ಟಿದ್ದರು. ಉರಿಯುವ ಬೀಜದ ದಾಸ್ತಾನೂ ಅದೇ ಸೂರಿನಡಿ ಇತ್ತು. ಬೆಂಕಿ ಕಂಡ ಸುಮಾರು 20 ನಿಮಿಷದಲ್ಲಿ ಸ್ಫೋಟವಾಗಿ 15 ಜನ ತೀರಿಕೊಂಡರು, ಅವರಲ್ಲಿ 12 ಮಂದಿ ಬೆಂಕಿ ಆರಿಸಲು, ನೆರವಾಗಲು ಓಡಿಬಂದವರು. ಅಷ್ಟು ವರ್ಷ ಅಲ್ಲಿಯೇ ಸುಮ್ಮನೆ ಬಿದ್ದಿದ್ದ ಗೊಬ್ಬರ ಅಂದು ಸಿಡಿಯಲು ಮರದ ಗೂಡು ಮತ್ತು ಬೆಂಕಿ ಒತ್ತಾಸೆಯಾದವು.

ನಮ್ಮಲ್ಲಿಯೂ ನೈಟ್ರೇಟ್ ಇಲ್ಲವೆಂದಲ್ಲ. ಹನಿ ನೀರಾವರಿಯಲ್ಲಿ ಕೊಡುವ 13-0-45 ಎಂಬ ಬಿಳಿ ಪುಡಿ ಪೊಟ್ಯಾಸಿಯಂ ನೈಟ್ರೇಟೇ. ತಾನು ಉರಿಯದಿದ್ದರೂ ಪಕ್ಕದಲ್ಲಿ ಉರಿಯುವುದಕ್ಕೆ ಆಮ್ಲಜನಕ ಒದಗಿಸುವ ಗುಣ ಅದಕ್ಕಿದೆ. ಅದರ ಪಕ್ಕದಲ್ಲಿ ಗಂಧಕದ ಪುಡಿಯ ಚೀಲ ಜೋಡಿಸಿಟ್ಟಿದ್ದನ್ನು, ಎರಡೂ ಚೀಲ ಹರಿದು ಬಿಳಿಯೂ ಹಳದಿಯೂ ನೆಲದಲ್ಲಿ ಬೆರೆತು, ಗುಡಿಸಿ ಒಂದೇ ಮೂಲೆಗೆ ರಾಶಿ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ರಾಶಿಗೆ ಒಂದಿಷ್ಟು ಇದ್ದಿಲು ಸೇರಿದರೆ ಅದು ಕರಿಮದ್ದು. ಇದ್ದಿಲಿಲ್ಲದೆಯೂ ಕಿಡಿ ಬಿದ್ದರೆ ರಭಸದಿಂದ ಉರಿಯುತ್ತದೆ. ಆದ್ದರಿಂದ ನೈಟ್ರೇಟಿನ ಚೀಲಗಳನ್ನು ಗಂಧಕ, ಡೀಸೆಲ್, ಎಣ್ಣೆ, ಗೋಣಿ, ಹುಲ್ಲು, ಮರದ ಹೊಟ್ಟು ಇವುಗಳಿಂದ ಬೇರೆ ಕಡೆ, ಸಾಧ್ಯವಾದರೆ ಪ್ಲಾಸ್ಟಿಕ್ ಅಡಿಹಲಗೆಯ ಮೇಲೆ ಇಡಿ. ಚೆಲ್ಲಿದ್ದನ್ನು ಅದಕ್ಕೆಂದೇ ಇಟ್ಟ ಬೇರೆ ಪೊರಕೆಯಿಂದ ಗುಡಿಸಿ.

ಬ್ಲೀಚಿಂಗ್ ಪೌಡರ್ ಕೂಡ ಇದೇ ಜಾತಿಗೆ ಸೇರಿದ್ದು. ಯೂರಿಯಾ ಅಥವಾ ಅಮೋನಿಯಂ ಗೊಬ್ಬರದೊಂದಿಗೆ ಒದ್ದೆಯಾಗಿ ಬೆರೆತರೆ ಸಿಡಿಯುವಂಥ ವಸ್ತು ಹುಟ್ಟಬಲ್ಲದು, ಆಮ್ಲದೊಂದಿಗೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಪಂಚಾಯಿತಿಯವರು ಬಾವಿಗೆ ಹಾಕಲೆಂದು ತಂದದ್ದನ್ನು ‘ನಿಮ್ಮಲ್ಲಿ ಜಾಗವಿದೆ’ ಎಂದು ಸಂಘದ ಗೋದಾಮಿನಲ್ಲಿ ಇಡುವುದುಂಟು. ಒಪ್ಪಿಕೊಳ್ಳಬೇಡಿ.

ಮಲೆನಾಡಿನಲ್ಲಿ ಸುಣ್ಣದ ಬಗ್ಗೆಯೂ ಒಂದು ಮಾತು ಹೇಳಬೇಕು. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಮೈಲುತುತ್ತದ ಜೊತೆ ಸುಟ್ಟ ಸುಣ್ಣವನ್ನೂ ತರಿಸಿಡುತ್ತೇವೆ. ಅರಳದ ಸುಣ್ಣಕ್ಕೆ ನೀರು ಬಿದ್ದರೆ ಪಕ್ಕದ ಗೋಣಿಚೀಲ, ಕಾಗದ ಹೊತ್ತಿಕೊಳ್ಳುವಷ್ಟು ಕಾವು ಏಳುತ್ತದೆ. ಮಳೆಗಾಲದಲ್ಲಿ ಗೋದಾಮಿಗೆ ಬೆಂಕಿ ಬೀಳಲಾರದು ಎಂಬ ಭರವಸೆಯನ್ನು ಸುಣ್ಣವಿರುವ ಕಡೆ ಇಟ್ಟುಕೊಳ್ಳುವಂತಿಲ್ಲ.

ಪ್ರಶ್ನೆ: ತೋಟದವರು ಕಳೆ ಕತ್ತರಿಸುವ ಯಂತ್ರಕ್ಕೆ ಪೆಟ್ರೋಲ್ ಬೇಕೆಂದು ಕೇಳುತ್ತಾರೆ. ಬಂಕ್ 18 ಕಿಲೋಮೀಟರ್ ದೂರ. ಸಂಘದಲ್ಲಿ ನೂರು ಲೀಟರಿನಷ್ಟು ಕ್ಯಾನುಗಳಲ್ಲಿ ಇಟ್ಟು, ಲಾಭವಿಲ್ಲದೆ ಸದಸ್ಯರಿಗೆ ಕೊಡಬಹುದೇ?
– ಕೊಪ್ಪ ತಾಲ್ಲೂಕು

ಉತ್ತರ: ಕೊಡಬಾರದು. ಪೆಟ್ರೋಲ್ ‘ಎ’ ವರ್ಗದ್ದು. ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ 30 ಲೀಟರ್ ಮೀರದಂತೆ ಇಟ್ಟುಕೊಳ್ಳಲು ಮಾತ್ರ ಕಾಯ್ದೆಯಲ್ಲಿ ಪರವಾನಗಿಯಿಂದ ವಿನಾಯಿತಿ ಇದೆ. ಲಾಭವಿಲ್ಲದಿದ್ದರೂ ಹಣ ಪಡೆದು ಕೊಟ್ಟರೆ ಅದು ಮಾರಾಟವೇ. ಕಾನೂನಿನ ಮಾತು ಒತ್ತಟ್ಟಿಗಿರಲಿ. ಡೀಸೆಲ್ ನಮ್ಮ ಹವೆಯಲ್ಲಿ ಸುಲಭವಾಗಿ ಹೊತ್ತುವಷ್ಟು ಆವಿ ಬಿಡುವುದಿಲ್ಲ, ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೇರದೆ ನೆಲದ ಮೇಲೆ ನೀರಿನಂತೆ ಹರಿದು, ಹೊಸ್ತಿಲು ದಾಟಿ, ಪಕ್ಕದ ಕೋಣೆಯಲ್ಲಿ ದೇವರ ಪಟದ ಮುಂದಿನ ದೀಪವನ್ನೋ ಚಹಾದ ಒಲೆಯನ್ನೋ ಮುಟ್ಟುತ್ತದೆ. ಬೆಂಕಿ ಅಲ್ಲಿ ಹತ್ತಿ ಹಿಂದಕ್ಕೆ ಓಡಿಬರುತ್ತದೆ. ತೋಟದವರು ತಮ್ಮ ತಮ್ಮ ಅಗತ್ಯದಷ್ಟನ್ನೇ ಬಂಕಿನಿಂದ ಲೋಹದ ಕ್ಯಾನಿನಲ್ಲಿ ತರಲಿ. ತುಂಬುವಾಗ ಕ್ಯಾನ್ ಜೀಪಿನ ಮೇಲಿರದೆ ನೆಲದ ಮೇಲಿರಲಿ, ಇಲ್ಲದಿದ್ದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರುವ ಭಯವಿದೆ.

ಪ್ರಶ್ನೆ: ನಾನು ಸಂಘದ ಮಾರಾಟ ಮಳಿಗೆಯಲ್ಲಿ ನಾಲ್ಕು ವರ್ಷಗಳಿಂದ ಬಿಲ್ ಬರೆಯುವ ಕೆಲಸದಲ್ಲಿದ್ದೇನೆ. ನನ್ನ ಮೇಜು ಔಷಧಿ ಕೋಣೆಯೊಳಗೇ ಇದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ತಲೆನೋವು, ವಾಕರಿಕೆ ಬರುತ್ತದೆ. ಈಗ ನಾನು ಗರ್ಭಿಣಿ. ಹೇಳಿದರೆ ‘ವಾಸನೆ ಅಭ್ಯಾಸವಾಗುತ್ತದೆ’ ಎನ್ನುತ್ತಾರೆ.
– ಸಕಲೇಶಪುರ ತಾಲ್ಲೂಕು

ಉತ್ತರ: ಅಮ್ಮಾ, ನಾಳೆಯಿಂದಲೇ ಆ ಕೋಣೆಯಲ್ಲಿ ಕುಳಿತುಕೊಳ್ಳಬೇಡಿ. ವಾಸನೆ ಅಭ್ಯಾಸವಾಗುವುದು ನಿಜ. ಅಭ್ಯಾಸವಾದದ್ದು ಮೂಗಿಗೆ ಮಾತ್ರ, ರಕ್ತಕ್ಕಲ್ಲ. ನಿಮ್ಮ ಸಂಘದ ಕಾರ್ಯದರ್ಶಿಯವರು ಈ ಅಂಕಣ ಓದುವವರಾದರೆ ಅವರಿಗೂ ನೇರವಾಗಿಯೇ ಹೇಳುತ್ತೇನೆ: ಔಷಧಿ ಕೋಣೆ ದಾಸ್ತಾನಿನ ಜಾಗ, ದಿನವಿಡೀ ಮನುಷ್ಯರು ಕೂರುವ ಜಾಗವಲ್ಲ. ಮೇಜನ್ನು ಹೊರಗಿನ ಜಗಲಿಗೆ ತರಲು ಮಂಡಳಿಯ ಠರಾವು ಬೇಕಿಲ್ಲ, ಇಬ್ಬರು ಹಮಾಲರು ಸಾಕು.

ವೈದ್ಯರ ಬಳಿ ಹೋಗುವಾಗ ಗರ್ಭಿಣಿ ಎಂಬುದರ ಜೊತೆಗೆ ಕೀಟನಾಶಕದ ನಡುವೆ ಕೆಲಸ ಮಾಡುತ್ತೀರೆಂಬುದನ್ನೂ ಹೇಳಿ. ನೀವು ಹೇಳದಿದ್ದರೆ ವಾಕರಿಕೆಯನ್ನು ಗರ್ಭಿಣಿಯರಿಗೆ ಸಹಜವಾದದ್ದೆಂದು ಭಾವಿಸಿ ಬಿಟ್ಟುಬಿಡುವ ಸಾಧ್ಯತೆ ಇದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್‌ನಂಥ ಔಷಧಿಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಈ ಗುಂಪಿನ ವಿಷ ಮೈಸೇರಿದೆಯೇ ಎಂದು ತಿಳಿಯಲು ರಕ್ತದಲ್ಲಿ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ ಪ್ರಮಾಣವನ್ನು ಪರೀಕ್ಷಿಸುತ್ತಾರೆ. ಬಾಯಲ್ಲಿ ಜೊಲ್ಲು ಸುರಿಯುವುದು, ವಿಪರೀತ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಉಸಿರು ಕಟ್ಟುವುದು ಕಂಡರೆ ಕಾಯದೆ 108ಕ್ಕೆ ಕರೆ ಮಾಡಬೇಕು. ಔಷಧಿಯ ಬಾಟಲಿಯ ಚೀಟಿಯನ್ನು ಆಸ್ಪತ್ರೆಗೆ ಒಯ್ಯಬೇಕು.

ಕೋಣೆಯ ವಿಷಯ ಹೇಳುವುದಾದರೆ, ಮಳೆ ಬಂದರೂ ಮುಚ್ಚಬೇಕಾಗದ ಗಾಳಿಕಿಂಡಿಗಳು ಬೇಕು. ದ್ರಾವಕದ ಆವಿ ಕೆಳಗೆ ನಿಲ್ಲುವುದರಿಂದ ನೆಲದ ಹತ್ತಿರವೂ ಒಂದು ಸಾಲು, ಸೂರಿನ ಹತ್ತಿರವೂ ಒಂದು ಸಾಲು ಜಾಲರಿ ಕಿಂಡಿ ಇರಬೇಕು. ಇರಚಲು ತಡೆಯಲು ಹೊರಗಡೆ ಇಳಿಜಾರು ತಗಡು ಹಾಕಿಸಿ. ಔಷಧಿ ತೆಗೆದುಕೊಡುವವರು ಆ ಹೊತ್ತಿಗೆ ಮಾತ್ರ ಕೈಗವಸು ಹಾಕಿ ಒಳಗೆ ಹೋಗಿ ಬರಲಿ. ಗರ್ಭಿಣಿಯರಿಗೆ ಆ ಕೆಲಸವನ್ನು ಕೊಡಲೇಬಾರದು. ಬಿಲ್ ಬರೆಯುವ ಕೈಯಿಂದಲೇ ಬುತ್ತಿ ಬಿಚ್ಚಬೇಡಿ, ಸೋಪು ಹಾಕಿ ತೊಳೆದ ಮೇಲೆ ಬಿಚ್ಚಿ. ನಿಮ್ಮ ಪತ್ರದ ಮುಂದಿನ ವಿವರಗಳನ್ನು ನನಗೆ ಬರೆದು ತಿಳಿಸಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಅವಧಿ ಮೀರಿದ ಔಷಧಿ ಸುಮಾರು 60 ಬಾಟಲಿ ಉಳಿದಿದೆ. ಕೆಲವದರ ಚೀಟಿಯೇ ಇಲ್ಲ. ಹೊಂಡ ತೋಡಿ ಹೂಳಬಹುದೇ? ಹಾಗೆಯೇ ಖಾಲಿ ಡಬ್ಬಗಳನ್ನು ಕೂಲಿಯವರು ನೀರು ತುಂಬಲು ಕೇಳಿ ಒಯ್ಯುತ್ತಾರೆ, ತೊಳೆದು ಕೊಟ್ಟರೆ ತೊಂದರೆ ಇದೆಯೇ?
– ತರೀಕೆರೆ ತಾಲ್ಲೂಕು

ಉತ್ತರ: ಹೂಳಬೇಡಿ, ಸುಡಬೇಡಿ, ಹಳ್ಳಕ್ಕೆ ಸುರಿಯಬೇಡಿ. ಅವಧಿ ಮುಗಿದ ಕೂಡಲೇ ಆ ದಾಸ್ತಾನನ್ನು ಬೇರ್ಪಡಿಸಿ, ‘ಮಾರಾಟಕ್ಕಲ್ಲ’, ‘ಬಳಕೆಗಲ್ಲ’ ಎಂದು ಮುದ್ರೆ ಹಾಕಿ, ಗುರುತು ಫಲಕವಿರುವ ಪ್ರತ್ಯೇಕ ಜಾಗದಲ್ಲಿ ಇಡಬೇಕೆಂದು ಕೀಟನಾಶಕ ನಿಯಮಾವಳಿ ಹೇಳುತ್ತದೆ. ಅವಧಿ ಮೀರಿದ ಕೀಟನಾಶಕ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಸರಬರಾಜು ಮಾಡಿದ ಕಂಪನಿಗೆ ವಾಪಸು ಪಡೆಯುವಂತೆ ಲಿಖಿತವಾಗಿ ಕೇಳಿ, ಪ್ರತಿಯನ್ನು ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೂ ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ಕೊಡಿ. ಚೀಟಿಯಿಲ್ಲದ ಬಾಟಲಿಗಳನ್ನು ತೆರೆದು ಮೂಸಿ ಗುರುತು ಹಿಡಿಯುವ ಸಾಹಸವನ್ನು ಯಾರೂ ಮಾಡಬಾರದು. ‘ಗುರುತು ತಿಳಿಯದ ವಿಷ’ ಎಂದು ಬರೆದು, ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮರಳಿನ ನಡುವೆ ನಿಲ್ಲಿಸಿಡಿ.

ಚೀಟಿ ಇರುವ ಬಾಟಲಿಗಳಲ್ಲಿ ಬಣ್ಣದ ತ್ರಿಕೋನವನ್ನು ನೋಡಲು ಎಲ್ಲ ಸಿಬ್ಬಂದಿಗೂ ಕಲಿಸಿ. ಕೆಂಪು ಅತಿ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಎಂದರೆ ವಿಷವಲ್ಲ ಎಂದು ತಿಳಿದವರು ಬಹಳ ಜನ ಇದ್ದಾರೆ. ಅದು ತಪ್ಪು ತಿಳಿವಳಿಕೆ.

ಖಾಲಿ ಡಬ್ಬದ ವಿಷಯದಲ್ಲಿ ನನಗೆ ಸಮಾಧಾನದಿಂದ ಬರೆಯಲಾಗುತ್ತಿಲ್ಲ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮಾನೊಕ್ರೊಟೊಫಾಸ್ ಎಂಬ ಕೀಟನಾಶಕ ಇತ್ತು, ಎಣ್ಣೆಯನ್ನು ಆ ಔಷಧಿಯ ಹಳೆಯ ಡಬ್ಬದಲ್ಲಿ ಇಟ್ಟಿದ್ದರು. ಎಷ್ಟು ತೊಳೆದರೂ ಪ್ಲಾಸ್ಟಿಕ್ ಹೀರಿಕೊಂಡ ವಿಷ ಪೂರ್ತಿ ಹೋಗುವುದಿಲ್ಲ. ರೈತರು ಸಿಂಪರಣೆಯ ಹೊತ್ತಿನಲ್ಲಿಯೇ ಡಬ್ಬವನ್ನು ಮೂರು ಬಾರಿ ತೊಳೆದು, ಆ ನೀರನ್ನು ಸಿಂಪರಣಾ ಯಂತ್ರಕ್ಕೇ ಸುರಿದು, ಡಬ್ಬದ ತಳಕ್ಕೆ ಮೊಳೆ ಹೊಡೆದು ತೂತು ಮಾಡಬೇಕು. ತೂತಿದ್ದ ಡಬ್ಬವನ್ನು ಯಾರೂ ನೀರಿಗೆ ಕೇಳುವುದಿಲ್ಲ. ಸಂಘದ ಬಾಗಿಲಲ್ಲಿ ಒಂದು ಮೊಳೆ, ಒಂದು ಸುತ್ತಿಗೆ ಇಟ್ಟು, ತಂದವರ ಎದುರೇ ತೂತು ಹೊಡೆದು ಬೀಗದ ಪೆಟ್ಟಿಗೆಗೆ ಹಾಕಿ. ಹಾಗೆಯೇ ದೊಡ್ಡ ಕ್ಯಾನಿನಿಂದ ಕಳೆನಾಶಕವನ್ನು ತಂಪು ಪಾನೀಯದ ಬಾಟಲಿಗೆ ಬಗ್ಗಿಸಿ ಬಿಡಿಯಾಗಿ ಮಾರುವುದನ್ನು ಇಂದೇ ನಿಲ್ಲಿಸಿ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ, ಜೀವ ಹೋಗಲು ಒಂದು ಗುಟುಕು ಸಾಕು.

ಪ್ರಶ್ನೆ: ಗೋದಾಮಿನಲ್ಲಿರುವ ಮುಸುಕಿನ ಜೋಳಕ್ಕೆ ಹುಳ ಬಿದ್ದಾಗ ಒಬ್ಬರಿಂದ ಗುಳಿಗೆ ತರಿಸಿದ್ದೆವು. ಉಳಿದದ್ದು ಕಚೇರಿಯ ಮೇಜಿನ ಖಾನೆಯಲ್ಲಿದೆ. ಅದನ್ನು ಹೇಗೆ ಇಡಬೇಕು?
– ಅರಸೀಕೆರೆ ತಾಲ್ಲೂಕು

ಉತ್ತರ: ನೀವು ಹೇಳುತ್ತಿರುವುದು ಅಲ್ಯೂಮಿನಿಯಂ ಫಾಸ್ಫೈಡ್ ಆಗಿದ್ದರೆ ಅದು ನಿಮ್ಮ ಮೇಜಿನಲ್ಲಿ ಇರಲೇಬಾರದು. ಸರ್ಕಾರಿ ಸಂಸ್ಥೆಗಳಿಗೆ ಮತ್ತು ಅನುಮತಿ ಪಡೆದ ಕೀಟ ನಿಯಂತ್ರಣದವರಿಗೆ ಮಾತ್ರ, ತಜ್ಞರ ಮೇಲ್ವಿಚಾರಣೆಯಲ್ಲಿ ಬಳಸಲು ಅದರ ಮಾರಾಟವನ್ನು ಸೀಮಿತಗೊಳಿಸಿದ್ದಾರೆ. ಗಾಳಿಯ ತೇವ ತಾಗಿದರೆ ಸಾಕು, 3 ಗ್ರಾಂ ತೂಕದ ಒಂದು ಗುಳಿಗೆ 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಮುಚ್ಚಿದ ಕಚೇರಿಯಲ್ಲಿ ರಾತ್ರಿ ಕಾವಲುಗಾರ ಮಲಗುತ್ತಾನಾದರೆ ಅವನ ಜೀವಕ್ಕೇ ಕುತ್ತು. ಖಾನೆಯನ್ನು ಗಡಿಬಿಡಿಯಿಂದ ಎಳೆದು ತೆರೆಯಬೇಡಿ. ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಎಲ್ಲರನ್ನೂ ಹೊರಗೆ ಕಳುಹಿಸಿ, ಧೂಮೀಕರಣ ಬಲ್ಲವರನ್ನು ಕರೆಸಿ ತೆಗೆಸಿ. ಒದ್ದೆ ಬಟ್ಟೆಯಿಂದ ಒರೆಸುವುದು, ನೀರಿಗೆ ಹಾಕುವುದು ಸಲ್ಲದು. ಬೆಂಕಿ ಬಿದ್ದರೂ ಅದಕ್ಕೆ ನೀರು ಹಾಕಬಾರದು, ಒಣ ಮರಳು ಹಾಕಬೇಕು.

ಪ್ರಶ್ನೆ: ಗೋದಾಮಿಗೆ ಬೆಂಕಿ ಬಿದ್ದರೆ ನಾವು ಮೊದಲು ಏನು ಮಾಡಬೇಕು? ನಮ್ಮಲ್ಲಿ ಎರಡು ಅಗ್ನಿಶಾಮಕ ಸಿಲಿಂಡರ್, ನಾಲ್ಕು ಬಕೆಟ್ ಮರಳು ಇವೆ.
– ಬೇಲೂರು ತಾಲ್ಲೂಕು

ಉತ್ತರ: ಬೆಂಕಿ ಒಂದು ಬಕೆಟ್ಟಿನ ಬಾಯಿಯಷ್ಟು ಇರುವಾಗ ಸಿಲಿಂಡರ್ ಬಳಸಿ, ಬೆನ್ನು ಬಾಗಿಲ ಕಡೆಗೇ ಇರಲಿ. ಅದಕ್ಕಿಂತ ದೊಡ್ಡದಾದರೆ, ಅಥವಾ ಔಷಧಿ ಕೋಣೆಗೆ ತಾಗಿದ್ದರೆ, ಎಲ್ಲರೂ ಹೊರಗೆ ಬಂದು ಗಾಳಿ ಬೀಸಿ ಬರುವ ದಿಕ್ಕಿಗೆ ಸರಿಯಿರಿ, 101 ಅಥವಾ 112ಕ್ಕೆ ಕರೆ ಮಾಡಿ. ಗೊಬ್ಬರದ ಚೀಲ ಉಳಿಸಿಕೊಳ್ಳಲು ಹಮಾಲರನ್ನು ಒಳಗೆ ಕಳುಹಿಸಬೇಡಿ. ದಾಸ್ತಾನಿಗೆ ವಿಮೆ ಮಾಡಿಸಬಹುದು, ಮತ್ತೆ ಕೊಳ್ಳಬಹುದು.

ನೀರಿನ ವಿಷಯದಲ್ಲಿ ಒಂದು ಮಾತು ಮೊದಲೇ ಯೋಚಿಸಿಡಬೇಕು. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಸ್ಯಾಂಡೋಸ್ ಕಂಪನಿಯ ಕೀಟನಾಶಕ ಗೋದಾಮಿಗೆ ಬೆಂಕಿ ಬಿದ್ದಾಗ, ಆರಿಸಲು ಹಾಕಿದ ನೀರೇ ವಿಷವನ್ನು ಹೊತ್ತು ರೈನ್ ನದಿಗೆ ಇಳಿಯಿತು. ನೂರಾರು ಕಿಲೋಮೀಟರ್‌ವರೆಗೆ ಹಾವುಮೀನುಗಳು ಸತ್ತು ತೇಲಿದವು. ನಿಮ್ಮ ತಾಲ್ಲೂಕಿನ ಚರಂಡಿಗಳು ಯಗಚಿಗೆ ಸೇರುತ್ತವೆ, ಯಗಚಿ ಹೇಮಾವತಿಗೆ, ಹೇಮಾವತಿ ಗೊರೂರಿನ ಅಣೆಕಟ್ಟೆಗೆ. ಗೋದಾಮಿನ ಹೊರಗಿನ ಮೋರಿಯ ಬಾಯಿಗೆ ಒಡ್ಡಲು ಇಪ್ಪತ್ತು ಮರಳುಚೀಲಗಳನ್ನು ಕಟ್ಟಿಡಿ, ಅವುಗಳನ್ನು ಮೋರಿಯ ಹತ್ತಿರವೇ ಇಡಿ. ನಾಲ್ಕು ಬಕೆಟ್ ಮರಳು ಏನೇನೂ ಸಾಲದು. ಸೋರಿದ ದ್ರವವನ್ನು ಹೀರಿಸಲೂ ಅದೇ ಮರಳು ಬೇಕು.

ಅಗ್ನಿಶಾಮಕದವರು ಬಂದಾಗ ಕೇಳುವ ಮೊದಲ ಪ್ರಶ್ನೆ ‘ಒಳಗೆ ಏನಿದೆ’ ಎಂಬುದು. ಆ ಹೊತ್ತಿಗೆ ದಾಸ್ತಾನು ಪುಸ್ತಕ ಒಳಗೇ ಉರಿಯುತ್ತಿರುತ್ತದೆ, ಕಾರ್ಯದರ್ಶಿಯವರು ಊರಲ್ಲಿರುತ್ತಾರೋ ಇಲ್ಲವೋ. ಆದ್ದರಿಂದ ಗೋದಾಮಿನ ನಕ್ಷೆಯನ್ನು ಒಂದು ಹಾಳೆಯಲ್ಲಿ ಕೈಯಿಂದಲೇ ಬರೆದು, ಯಾವ ಮೂಲೆಯಲ್ಲಿ ಯಾವುದು, ಅದರ ಪಕ್ಕದಲ್ಲಿ ಯಾವುದು, ಸುಮಾರು ಎಷ್ಟು ಎಂಬುದನ್ನು ಗುರುತು ಮಾಡಿ, ನೀರು ಹಾಕಬಾರದ ಸರಕಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಸೇರಿಸಿ ಗೇಟಿನ ಬಳಿ ಸಣ್ಣ ಪೆಟ್ಟಿಗೆಯಲ್ಲಿ ಇಡಿ. ಲಾರಿ ಬಂದು ಸರಕು ಇಳಿದ ಪ್ರತಿ ಸಲವೂ ಹಾಳೆಯನ್ನು ಬದಲಿಸಿ. ಒಂದು ಪ್ರತಿಯನ್ನು ಬೇಲೂರಿನ ಅಗ್ನಿಶಾಮಕ ಠಾಣೆಗೆ ನೀವೇ ಹೋಗಿ ಕೊಟ್ಟು, ಅವರನ್ನು ಒಮ್ಮೆ ಬಿಸಿಲಿರುವ ದಿನ ಗೋದಾಮು ನೋಡಲು ಕರೆಯಿರಿ. ಅವರ ವಾಹನ ನಿಮ್ಮ ಗೇಟಿನೊಳಗೆ ತಿರುಗುತ್ತದೆಯೋ ಇಲ್ಲವೋ ಎಂಬುದೂ ಅಂದೇ ತಿಳಿಯುತ್ತದೆ.